ಮಡ್ಡಿ, ಹಿನ್ನೀರು, ಜಾತ್ರೆ: ಬಾಗಲಕೋಟೆ ಸುತ್ತ ಕ್ಯಾಮೆರಾ ಹಿಡಿದು ತಿರುಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯನ್ನು ನಡುವೆ ಇಟ್ಟುಕೊಂಡು ಬೆಳಗಾವಿ, ವಿಜಯಪುರದ ಕಡೆಗೂ ಒಂದಿಷ್ಟು ಕೈಚಾಚಿ ಬರೆದದ್ದು ಇದು. ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಹೊರಡುವವರು, ಹೊಸದಾಗಿ ಲೆನ್ಸ್ ಕೊಂಡವರು, ಜಾತ್ರೆಯಲ್ಲಿ ಮೊಬೈಲ್ ಎತ್ತುವವರು, ಎಲ್ಲರೂ ತಿರುಗಾಮುರುಗಾ ಕೇಳುವುದು ಹೆಚ್ಚುಕಡಿಮೆ ಇವನ್ನೇ.

ನಮ್ಮ ಕಡೆ ನೋಡಾಕ ಏನೈತ್ರೀ? ಕಾಡು, ಪ್ರಾಣಿ ಅಂದ್ರ ದಾಂಡೇಲಿಗೇ ಹೋಗಬೇಕಲ್ಲ?

ದಾಂಡೇಲಿಗೆ ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಬೀಳಗಿ, ಮುಧೋಳ ತಾಲ್ಲೂಕಿನ ಕುರುಚಲು ಗುಡ್ಡಗಳಲ್ಲಿ ಚಿಂಕಾರ ಎಂಬ ಸಣ್ಣ ಹುಲ್ಲೆಗಳಿವೆ, ತೋಳ ಇವೆ, ಕತ್ತೆಕಿರುಬವೂ ಇದೆ. ಆಲಮಟ್ಟಿ ಹಿನ್ನೀರಿಗೆ ರಾಜಹಂಸಗಳು ಇಳಿಯುತ್ತವೆ. ಗೋಕಾಕದ ಹತ್ತಿರ ಪಕ್ಷಿಧಾಮವಿದೆ. ಖಾನಾಪುರ ದಾಟಿದರೆ ಪಶ್ಚಿಮಘಟ್ಟದ ದಟ್ಟ ಕಾಡೇ ಸಿಗುತ್ತದೆ. ತೊಂದರೆ ಏನೆಂದರೆ ಕಾಡು ಎಂದ ಮೇಲೆ ಮುಗಿಲು ಮುಟ್ಟುವ ಮರಗಳೇ ನಮಗೆ ಬೇಕು. ಜಾಲಿ, ಬಾರಿ, ಕವಳಿ ಕಂಟಿಯ ನೆಲ ಕಂಡರೆ ‘ಬರೇ ಮಡ್ಡಿ’ ಎಂದು ಗಾಡಿ ಓಡಿಸಿಬಿಡುತ್ತೇವೆ. ಮುಂದಿನ ಉತ್ತರಗಳಲ್ಲಿ ಬಹಳಷ್ಟು ಆ ಮಡ್ಡಿಯ ಪರ ವಕಾಲತ್ತು ಎಂದುಕೊಂಡರೂ ತಪ್ಪಿಲ್ಲ.

ಯಡಹಳ್ಳಿ ಚಿಂಕಾರ ಧಾಮದೊಳಗೆ ಸುಮ್ಮನೆ ಬೈಕ್ ತಗೊಂಡು ಹೋಗಬಹುದೇ?

ಇಲ್ಲ. ಸುಮಾರು 96 ಚದರ ಕಿ.ಮೀ. ಹರಡಿರುವ ಈ ನೆಲವನ್ನು ವನ್ಯಜೀವಿ ಧಾಮ ಎಂದು ಘೋಷಿಸಿ ಹತ್ತು ವರ್ಷದ ಹತ್ತಿರವಾಯಿತು. ಚಿಂಕಾರಕ್ಕೆಂದೇ ರಾಜ್ಯದಲ್ಲಿ ಮೊದಲು ಆದದ್ದು ಇದು. ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣ ಧಾಮ 2019ರಲ್ಲಿ ಬಂತು. ಧಾಮ ಎಂದ ಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅದರ 27ನೇ ಕಲಂ ಪ್ರಕಾರ ಕಂಡವರೆಲ್ಲ ಒಳಗೆ ಹೋಗುವಂತಿಲ್ಲ. 28ನೇ ಕಲಂ ಪ್ರಕಾರ ಅನುಮತಿ ಪಡೆದು ಹೋಗಬಹುದು, ಛಾಯಾಗ್ರಹಣವೂ ಆ ಪಟ್ಟಿಯಲ್ಲಿದೆ. ಬಾಗಲಕೋಟೆಯ ಅರಣ್ಯ ವಿಭಾಗದ ಕಚೇರಿಯಲ್ಲಿ ಮೊದಲೇ ಕೇಳಿ, ಅರ್ಜಿ ಕೊಟ್ಟು ಹೋಗಿ. ಊರಿನವರು ಓಡಾಡುವ ದಾರಿಯಲ್ಲಿ ನಿಂತರೂ ಬೆಳಿಗ್ಗೆ ಒಂದೆರಡು ಚಿಂಕಾರ ಕಾಣಬಹುದು. ಕಾಣಲೇಬೇಕೆಂದು ಕಂಟಿಯೊಳಗೆ ಗಾಡಿ ನುಗ್ಗಿಸುವವರಿಗೆ ಇಲ್ಲಿ ಬೇರೆ ಸಲಹೆ ಇಲ್ಲ.

ಚಿಂಕಾರ ಯಾವುದು, ಚಿಗರಿ ಯಾವುದು? ಎರಡೂ ಒಂದೇ ಥರ ಕಾಣ್ತಾವು.

ದೂರದಿಂದ ಹಾಗೇ ಅನ್ನಿಸುತ್ತದೆ. ಚಿಗರಿ, ಅಂದರೆ ಕೃಷ್ಣಮೃಗ, ಗುಂಪುಗಟ್ಟಿ ಬಯಲಿಗೆ, ಹೊಲಕ್ಕೆ ಇಳಿಯುತ್ತದೆ. ಗಂಡಿನ ಮೈ ಮೇಲುಗಡೆ ಕಪ್ಪು, ಕೋಡು ತಿರುಚಿ ಮೇಲಕ್ಕೆ ಹೋಗಿರುತ್ತದೆ. ಹೆಣ್ಣಿಗೆ ಸಾಮಾನ್ಯವಾಗಿ ಕೋಡಿಲ್ಲ. ಚಿಂಕಾರ ಅದಕ್ಕಿಂತ ಸಣ್ಣದು, ಮೈಬಣ್ಣ ಮಸಾರಿ, ಅಂದರೆ ಕೆಂಪು ಮಣ್ಣಿನದೇ. ಕೋಡಿನಲ್ಲಿ ತಿರುಚು ಇಲ್ಲ, ಉಂಗುರಗಳಿರುತ್ತವೆ, ಹೆಣ್ಣಿಗೂ ಸಣ್ಣ ಕೋಡಿರುತ್ತದೆ. ಎರಡು, ಮೂರು, ನಾಲ್ಕರ ಗುಂಪಿನಲ್ಲಿ ಕಲ್ಲು-ಕಂಟಿಯ ನಡುವೆ ನಿಂತಿರುತ್ತದೆ. ಮೈ ಅಲುಗಾಡದಿದ್ದರೂ ಬಾಲ ಸುಮ್ಮನಿರುವುದಿಲ್ಲ. ಕಪ್ಪು ಮೋಟು ಬಾಲ ಪಟಪಟ ಆಡುತ್ತಲೇ ಇರುತ್ತದೆ, ಬಹಳ ಸಲ ಕಣ್ಣಿಗೆ ಮೊದಲು ಬೀಳುವುದೇ ಅದು. ಎಲೆ, ಇಬ್ಬನಿಯ ತೇವದಲ್ಲೇ ಬಹುದಿನ ನೀರಿಲ್ಲದೆ ಕಳೆಯಬಲ್ಲದು. ಹೀಗಾಗಿ ಹೊಂಡದ ದಂಡೆಯಲ್ಲಿ ಕಾಯುತ್ತ ಕೂತರೆ ಬರುತ್ತದೆ ಎಂಬ ಲೆಕ್ಕ ಇದರ ಹತ್ತಿರ ನಡೆಯುವುದಿಲ್ಲ.

ದುಬಾರಿ ಲೆನ್ಸ್ ಇದ್ರೂ ಫೋಟೋ ಯಾಕ ಮಸುಕು ಬರ್ತಾವು?

ಬಿಸಿಲಿನ ಝಳ. ಎರಿ (ಕಪ್ಪು ಮಣ್ಣಿನ) ನೆಲವಾಗಲಿ ಬಂಡೆ ನೆಲವಾಗಲಿ, ಹೊತ್ತು ಏರಿದ ಮೇಲೆ ನೆಲದಿಂದ ಬಿಸಿಗಾಳಿ ಎದ್ದು ಚಿತ್ರವನ್ನು ಕಲಕುತ್ತದೆ. ಇನ್ನೂರು ಮೀಟರ್ ಆಚೆ ನಿಂತ ಪ್ರಾಣಿಯ ಗೆರೆಗಳೆಲ್ಲ ನೀರಿನಲ್ಲಿ ಕಂಡಂತೆ ಬರುತ್ತವೆ. ಕ್ಯಾಮೆರಾ ಬದಲಿಸಿದರೂ ಅಷ್ಟೇ, ಶಟರ್ ವೇಗ ಏರಿಸಿದರೂ ಅಷ್ಟೇ. ಚಳಿಗಾಲದಲ್ಲಿ ಒಂಬತ್ತು ಗಂಟೆಯೊಳಗೆ, ಬೇಸಿಗೆಯಲ್ಲಿ ಎಂಟರೊಳಗೆ ಕೆಲಸ ಮುಗಿಸಿ. ಆಮೇಲೆ ಬೇವಿನ ನೆರಳಿನಲ್ಲಿ ಕೂತು ರೊಟ್ಟಿ ಗಂಟು ಬಿಚ್ಚುವುದು ಒಳ್ಳೆಯದು.

ಫ್ರೇಮಿನಾಗ ಕುರಿ ಹಿಂಡು ಬಂದ್ರ ಏನು ಮಾಡೋದು? ಕಾಯಬೇಕಾ, ಕುರುಬರಿಗೆ ಸರೀರಿ ಅನ್ನಬೇಕಾ?

ಸರೀರಿ ಅನ್ನಬೇಡಿ. ಕಾಯಲೂ ಬೇಡಿ, ತೆಗೆಯಿರಿ. ಈ ಭಾಗದ ವನ್ಯಜೀವಿ ಚಿತ್ರಗಳಲ್ಲಿ ಕಾಣುವ ದೊಡ್ಡ ಕೊರತೆ ಇದೇ: ಪ್ರಾಣಿ ಇರುತ್ತದೆ, ಪ್ರಾಣಿಯ ಜೊತೆ ಬದುಕಿದ ಜನ ಇರುವುದಿಲ್ಲ.

ಮಡ್ಡಿ ಮಡ್ಡಿಯಾಗಿ ಉಳಿದದ್ದರಲ್ಲಿ ಕುರಿಗಾರರ ಪಾಲು ಸಣ್ಣದಲ್ಲ. ಮೇವಿನ ನೆಲ ಬೇಕೆಂಬ ಕಾರಣಕ್ಕೇ ಎಷ್ಟೋ ಗುಡ್ಡಗಳು ನೇಗಿಲಿಗೆ ಸಿಗದೆ ಉಳಿದವು. ಸುಗ್ಗಿ ಮುಗಿದ ಮೇಲೆ ಹಿಂಡು ಹೊಲಕ್ಕೆ ಇಳಿಯುತ್ತದೆ. ರಾತ್ರಿ ಬಲೆ ಕಟ್ಟಿ ಕುರಿ ತರುಬುತ್ತಾರೆ, ಹೊಲದವರಿಗೆ ಗೊಬ್ಬರ, ಕುರಿಗಾರರಿಗೆ ಕಾಳು ಇಲ್ಲವೇ ದುಡ್ಡು. ಹಿಂಡಿನ ಬೆನ್ನಿಗೆ ತೋಳವೂ ಬರುತ್ತದೆ. ಚಿಂಕಾರ, ಮೊಲ, ಇಲಿಗಳ ಜೊತೆಗೆ ಆಗೀಗ ಒಂದು ಕುರಿಮರಿಯೂ ಅದರ ಪಾಲಾಗುತ್ತದೆ. ಕುರಿ ಹೋದವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆದರೂ ತೋಳ ಇಲ್ಲಿ ಇನ್ನೂ ಉಳಿದಿದೆ. ಈ ಜಗಳ-ಹೊಂದಾಣಿಕೆ ಎರಡೂ ನಿಮ್ಮ ಚಿತ್ರದಲ್ಲಿ ಬರಬೇಕಾದರೆ ಕಂಬಳಿ ಹೊದ್ದ ಕಾಕಾ, ಅವರ ನಾಯಿ, ಕುದುರೆಯ ಮೇಲೆ ಹೇರಿದ ಹಾಸಿಗೆ-ಪಾತ್ರೆ, ಬುಟ್ಟಿಯಲ್ಲಿ ಕೂತ ಎಳೆಮರಿ ಎಲ್ಲವೂ ಬೇಕು.

ಇನ್ನೊಂದು ಉಪಕಾರವನ್ನೂ ಮಾಡಬಹುದು. ಕಾಡುಪ್ರಾಣಿ ಕುರಿ ಕೊಂದರೆ ಅರಣ್ಯ ಇಲಾಖೆಯಿಂದ ಪರಿಹಾರವಿದೆ. ಆದರೆ ಸತ್ತ ಕುರಿಯನ್ನು ಅಲ್ಲಿಂದ ಎತ್ತಿಬಿಟ್ಟರೆ, ಹೂಳಿಬಿಟ್ಟರೆ ಪಂಚನಾಮೆಗೆ ಏನೂ ಉಳಿಯುವುದಿಲ್ಲ. ನೀವು ಅಲ್ಲಿದ್ದರೆ ಬಿದ್ದ ಜಾಗದಲ್ಲೇ ಗಾಯ, ಸುತ್ತಲಿನ ಹೆಜ್ಜೆ ಗುರುತು, ಕಿವಿಯ ಗುರುತು ಕಾಣುವ ಹಾಗೆ ಚಿತ್ರ ತೆಗೆದು ಅವರ ಫೋನಿಗೇ ಕಳಿಸಿ. ಪಶುವೈದ್ಯರು, ಅರಣ್ಯ ಸಿಬ್ಬಂದಿ ಬರುವ ತನಕ ಅದು ಆಧಾರವಾಗುತ್ತದೆ.

ತೋಳದ ಗವಿ ಸಿಕ್ಕಿತು. ಎಲ್ಲಿ ಅಂತ ಗೆಳೆಯರಿಗೆ ಹೇಳಬಹುದೇ?

ಹೇಳಬೇಡಿ. ಚಿತ್ರ ಹಾಕುವಾಗ ಜಾಗದ ಗುರುತು ತೆಗೆದುಹಾಕಿ, ಹಿಂದೆ ಕಾಣುವ ಗುಡಿ, ಟವರ್ ಕೂಡ ಕತ್ತರಿಸಿ. ಊರಿನವರಿಗೆ ಅಷ್ಟು ಕಂಡರೆ ಸಾಕು, ಗುಡ್ಡದ ಹೆಸರು ಹೇಳಿಬಿಡುತ್ತಾರೆ. ಮರಿಗಳಿರುವ ಗವಿಯ ಹತ್ತಿರ ಜನ ಸುಳಿದಾಡಿದರೆ ತಾಯಿ ಮರಿಗಳನ್ನು ಬೇರೆ ಕಡೆ ಸಾಗಿಸುತ್ತದೆ, ಆ ಓಡಾಟದಲ್ಲಿ ಮರಿ ಕಳೆದುಕೊಳ್ಳುವ ಅಪಾಯವಿದೆ. ಗೂಗೆಯ ಪೊಟರೆ, ನೆಲದಲ್ಲಿ ಮೊಟ್ಟೆ ಇಡುವ ಟಿಟ್ಟಿಭದ ಗೂಡಿಗೂ ಇದೇ ಮಾತು.

ಆಲಮಟ್ಟಿ ಹಿನ್ನೀರಿಗೆ ರಾಜಹಂಸ ಯಾವಾಗ ಬರ್ತಾವು? ನಾವು ಹೋದಾಗ ಒಂದೂ ಇರಲಿಲ್ಲ.

ಮಳೆಗಾಲ ಮುಗಿದ ಕೂಡಲೇ ಹೋಗಿರುತ್ತೀರಿ. ಆಲಮಟ್ಟಿಯ ಲಾಲ್ ಬಹಾದ್ದೂರ್ ಶಾಸ್ತ್ರಿ ಜಲಾಶಯ ತುಂಬಿದಾಗ ನೀರಿನ ಮಟ್ಟ 519.60 ಮೀಟರ್, ಸಂಗ್ರಹ 123 ಟಿಎಂಸಿ. ಆಗ ಹಿನ್ನೀರು ಹೊಲದ ಒಡ್ಡಿನ ತನಕ ಬಂದು ನಿಂತಿರುತ್ತದೆ. ರಾಜಹಂಸಕ್ಕೆ ಬೇಕಾದದ್ದು ಕಾಲು ಊರಿ ಕೊಕ್ಕು ಆಡಿಸುವಷ್ಟು ತೆಳುನೀರು, ಕೆಸರು. ಕಾಲುವೆಗೆ ನೀರು ಬಿಡುತ್ತ ಹೋದಂತೆ ಜನವರಿಯಿಂದ ಅಂಚು ಹಿಂದೆ ಸರಿಯುತ್ತದೆ, ಬೀಳಗಿ ಕಡೆಯ ಹೆರಕಲ್, ಕೃಷ್ಣೆಗೆ ಘಟಪ್ರಭೆ ಸೇರುವ ಚಿಕ್ಕಸಂಗಮದ ಸುತ್ತ ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಫೆಬ್ರುವರಿಯಿಂದ ಬಿಸಿಲು ಬಲಿಯುವ ತನಕ ಒಳ್ಳೆಯ ಕಾಲ. ನೀರು ಯಾವ ವರ್ಷ ಎಷ್ಟು ಬೇಗ ಇಳಿಯುತ್ತದೆ ಎನ್ನುವುದರ ಮೇಲೆ ಹಕ್ಕಿಗಳ ಲೆಕ್ಕವೂ ಏರುಪೇರು. ಮೀನುಗಾರರನ್ನು ಕೇಳಿ, ಹಕ್ಕಿ ಎಲ್ಲಿ ಕೂತಿದೆ ಎಂದು ಅವರಷ್ಟು ಸರಿಯಾಗಿ ಯಾರೂ ಹೇಳುವುದಿಲ್ಲ.

ಹತ್ತಿರ ಹೋಗುವ ಅಳತೆ ಸುಲಭ. ಮೇಯುತ್ತಿದ್ದ ಹಕ್ಕಿಗಳು ಒಂದೊಂದಾಗಿ ಕತ್ತು ಎತ್ತಿದರೆ ಅಲ್ಲೇ ನಿಲ್ಲಿ. ಎಲ್ಲ ಸೇರಿ ಒಂದೇ ಕಡೆ ನಡೆಯತೊಡಗಿದರೆ ಎರಡು ಹೆಜ್ಜೆ ಹಿಂದೆ ಬನ್ನಿ. ಹಾರುವ ಚಿತ್ರ ಬೇಕೆಂದು ಕಲ್ಲು ಎಸೆಯುವವರು ಇದ್ದಾರೆ, ಅಂಥವರ ಚಿತ್ರಕ್ಕೆ ಲೈಕ್ ಒತ್ತುವವರೂ ಇದ್ದಾರೆ.

ಈ ಹಿನ್ನೀರಿನಡಿ ಹಳೇ ಬಾಗಲಕೋಟೆಯ ಓಣಿಗಳು, ಎಷ್ಟೋ ಹಳ್ಳಿಗಳು ಮುಳುಗಿವೆ. ಕೃಷ್ಣಾ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಮಟ್ಟವನ್ನು 524.256 ಮೀಟರ್‌ಗೆ ಏರಿಸಲು ಒಪ್ಪಿದೆ. ಅದು ಜಾರಿಯಾದ ದಿನ ಇವತ್ತಿನ ದಂಡೆ, ದಂಡೆಯ ಹೊಲ, ಊರು, ಹಕ್ಕಿಯ ಕೆಸರು ಎಲ್ಲದರ ಜಾಗವೂ ಬದಲಾಗುತ್ತದೆ. ಈಗಿನ ಅಂಚನ್ನು ಜನರ ಸಮೇತ ತೆಗೆದಿಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಗೋಕಾಕ ಫಾಲ್ಸ್ ಮತ್ತು ಪಕ್ಷಿಧಾಮ ಒಂದೇ ದಿನಕ್ಕೆ ಆಗುತ್ತವೆಯೇ?

ದಾರಿ ಹತ್ತಿರ, ಕಾಲ ಬೇರೆ. ಘಟಪ್ರಭೆ ಸುಮಾರು 52 ಮೀಟರ್ ಧುಮುಕುವುದನ್ನು ನೋಡಲು ಜುಲೈನಿಂದ ಸೆಪ್ಟೆಂಬರ್. ಫಾಲ್ಸ್‌ಗಿಂತ ಮೇಲೆ ಧೂಪದಾಳ ಒಡ್ಡಿನ ಹಿನ್ನೀರಿನಲ್ಲಿರುವ ಪಕ್ಷಿಧಾಮಕ್ಕೆ ನವೆಂಬರ್‌ನಿಂದ ಫೆಬ್ರುವರಿ. 1974ರಲ್ಲಿ ಘೋಷಣೆಯಾದ ಈ ಧಾಮಕ್ಕೆ ಚಳಿಗಾಲದಲ್ಲಿ ಡೆಮೊಸಿಲ್ ಕ್ರೇನ್‌ಗಳು, ಯುರೋಪಿನ ಬಿಳಿ ಕೊಕ್ಕರೆಗಳು ಬರುವುದರಿಂದಲೇ ಹೆಸರು. ಫಾಲ್ಸ್ ಅಂಚಿನ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ. ಸೆಲ್ಫಿಗೆ ಅಲ್ಲಿ ಇಳಿಯಬೇಡಿ, ತೂಗುಸೇತುವೆಯ ಕಡೆಯಿಂದ ಕಾಣುವ ನೋಟವೇ ಚೆಂದ.

ಭೀಮಗಡದ ಬಾವಲಿ ಗುಹೆಯ ಫೋಟೋ ತೆಗೀಬಹುದಾ?

ಆ ಆಸೆ ಬಿಡಿ. 2011ರ ಡಿಸೆಂಬರ್‌ನಲ್ಲಿ ಧಾಮವಾದ, ಖಾನಾಪುರ ತಾಲ್ಲೂಕಿನ ಭೀಮಗಡ 190 ಚದರ ಕಿ.ಮೀ.ಗಿಂತ ತುಸು ಹೆಚ್ಚಿದೆ. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿರುವುದು ರಾಟನ್ ಬಾವಲಿ, ಜಗತ್ತಿನ ಅಪರೂಪದ ಬಾವಲಿಗಳಲ್ಲೊಂದು. 1913ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಮೇಲೆ ಬಹುಕಾಲ ಈ ಒಂದೇ ಜಾಗದಲ್ಲಿ ಇದೆ ಎಂದು ತಿಳಿದಿದ್ದರು, ಆಮೇಲೆ ಮೇಘಾಲಯ, ಕಾಂಬೋಡಿಯಾದಲ್ಲೂ ಸಿಕ್ಕಿತು. ಗುಹೆಯಲ್ಲಿ ಫ್ಲ್ಯಾಶ್ ಹೊಳೆದರೆ, ಸದ್ದಾದರೆ ಮರಿ ಹೊತ್ತ ತಾಯಂದಿರು ಬೆದರುತ್ತವೆ. ಮಹದಾಯಿಯ ಕಾಡನ್ನು ಹೊರಗಿನಿಂದ, ಕಣಕುಂಬಿ, ಜಾಂಬೋಟಿ ರಸ್ತೆಯಿಂದ ನೋಡಿ. ಮಳೆಗಾಲದಲ್ಲಿ ಖಾನಾಪುರ ಕಾಡಿನ ಜಲಪಾತಗಳಿಗೆ ಹೋಗುವುದನ್ನು ಇಲಾಖೆ ನಿರ್ಬಂಧಿಸುವುದೂ ಉಂಟು, ಹೊರಡುವ ಮುನ್ನ ವಿಚಾರಿಸಿ.

ಬಾದಾಮಿ ಬಂಡೆ ಹತ್ತೋರ ಫೋಟೋ ತೆಗೆಯಲು ಯಾವ ಕಾಲ?

ನವೆಂಬರ್‌ನಿಂದ ಫೆಬ್ರುವರಿ. ಆಗ ದೇಶದ ಎಲ್ಲ ಮೂಲೆಯಿಂದ ಹತ್ತುವವರು ಬಂದಿರುತ್ತಾರೆ. ಮರಳುಗಲ್ಲು ಮಳೆ ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ, ಹಿಡಿದ ಅಂಚು ಕೈಯಲ್ಲೇ ಕಿತ್ತು ಬರಬಹುದು. ಹೀಗಾಗಿ ಮಳೆ ಬಿದ್ದ ಮರುದಿನ ‘ಒಂದೇ ಒಂದು ಶಾಟ್’ ಎಂದು ಯಾರನ್ನೂ ಹತ್ತಿಸಬೇಡಿ. ಮೇಲೆ ಹೆಜ್ಜೇನು ಕಟ್ಟಿರುತ್ತದೆ, ಅತ್ತರು ಪೂಸಿಕೊಂಡು ಬರಬೇಡಿ, ಕೂಗಾಡಬೇಡಿ.

ಗುಹಾಲಯಗಳು, ಅಗಸ್ತ್ಯತೀರ್ಥದ ಸುತ್ತಲಿನ ಸ್ಮಾರಕಗಳು ಪುರಾತತ್ವ ಇಲಾಖೆಗೆ ಸೇರಿದವು. ಕೈಯಲ್ಲಿ ಹಿಡಿದು ತೆಗೆಯಬಹುದು, ಟ್ರೈಪಾಡ್ ನಿಲ್ಲಿಸಲು ಅನುಮತಿ ಬೇಕು. 578ರ ಶಾಸನವಿರುವ ಮೂರನೇ ಗುಹೆಯಲ್ಲಿ ಬೆಳಕು ಕಡಿಮೆ, ಕಂಬಕ್ಕೆ ಮೊಣಕೈ ಒರಗಿಸಬೇಡಿ, ನಿಮ್ಮ ಎದೆಗೇ ಒತ್ತಿ ಹಿಡಿಯಿರಿ. ಭೂತನಾಥ ಗುಡಿಗೆ ಇಳಿಬಿಸಿಲೇ ಸರಿ. ಮಂಗಗಳ ಬಗ್ಗೆ ಹೇಳದಿದ್ದರೆ ಬಾದಾಮಿ ಪೂರ್ತಿಯಾಗುವುದಿಲ್ಲ: ಕ್ಯಾಮೆರಾ ಚೀಲದ ಜಿಪ್ ತೆಗೆಯುವುದು ಅವಕ್ಕೆ ಗೊತ್ತು. ಚೀಲದಲ್ಲಿ ಬಾಳೆಹಣ್ಣು, ಬಿಸ್ಕಿಟ್ ಇಡಬೇಡಿ, ಕೈಯಾರೆ ತಿನ್ನಿಸಲಂತೂ ಬೇಡಿ.

ಡ್ರೋನ್?

ಧಾಮ, ಸ್ಮಾರಕ, ಅಣೆಕಟ್ಟು ಈ ಮೂರರ ಮೇಲೂ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ನೀರಹಕ್ಕಿಗಳಿಗೆ ಮೇಲಿಂದ ಬರುವುದೆಲ್ಲ ಹದ್ದೇ. ಅನುಮತಿ ಇದ್ದರೂ ಅವುಗಳ ಮೇಲೆ ಹಾರಿಸಬೇಡಿ.

ಜಾತ್ರೆಯಲ್ಲಿ ಭಂಡಾರದಿಂದ ಕ್ಯಾಮೆರಾ ಉಳಿಸಿಕೊಳ್ಳುವುದು ಹೇಗೆ?

ಚಿಂಚಲಿ ಮಾಯಕ್ಕನ ಜಾತ್ರೆ, ಸವದತ್ತಿ ಯಲ್ಲಮ್ಮನ ಗುಡ್ಡ, ಎಲ್ಲಿ ಹೋದರೂ ಭಂಡಾರ, ಅಂದರೆ ಅರಿಸಿನ ಪುಡಿ, ಮುಗಿಲಿಗೆ ಏರುತ್ತದೆ. ಚಿತ್ರಕ್ಕೆ ಅದರಷ್ಟು ಚೆಂದದ ಹಳದಿ ಇನ್ನೊಂದಿಲ್ಲ, ಲೆನ್ಸಿಗೆ ಅದರಷ್ಟು ಕೆಟ್ಟದ್ದೂ ಇನ್ನೊಂದಿಲ್ಲ. ಹಿಟ್ಟಿಗಿಂತ ನುಣುಪಾದ ಪುಡಿ ಜೂಮ್ ಉಂಗುರದ ಸಂದಿಗೆ ಇಳಿದರೆ ತಿರುಗಿಸಿದಾಗ ಕರಕರ ಎನ್ನುತ್ತದೆ. ಒಂದೇ ಲೆನ್ಸ್ ಹಾಕಿಕೊಂಡು ಹೋಗಿ, ಗುಡ್ಡದ ಮೇಲೆ ಬದಲಿಸಬೇಡಿ. ಮುಂದೆ ಫಿಲ್ಟರ್, ಸಂದಿಗೆ ಟೇಪು, ಮೇಲೆ ಹಾಲಿನ ಪಾಕೀಟಿನಷ್ಟು ದಪ್ಪದ ಪ್ಲಾಸ್ಟಿಕ್ಕು. ಪುಡಿ ಕೂತರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅಂಟು ಹಿಡಿಯುತ್ತದೆ. ರಬ್ಬರ್ ಊದುಗದಿಂದ ಊದಿ, ಆಮೇಲೆ ಮೆತ್ತನೆ ಬ್ರಶ್ಶು. ಮೈಮೇಲೆ ಬಿದ್ದದ್ದಕ್ಕೆ ಮುಖ ಸಿಂಡರಿಸಬೇಡಿ, ಅಲ್ಲಿ ಅದು ದೇವರ ಪ್ರಸಾದ.

ಬಾಗಲಕೋಟೆಯ ಹೋಳಿಗೂ ಇದೇ ಸಿದ್ಧತೆ, ಆದರೆ ನೀರಿಗೂ ಗಟ್ಟಿ ಹೊದಿಕೆ ಬೇಕು. ಬಣ್ಣದ ಬ್ಯಾರಲ್ ಹೇರಿದ ಬಂಡಿಗಳು ಎದುರುಬದುರಾದಾಗ ಮಾಳಿಗೆಯ ಮೇಲೆ ಜಾಗ ಹಿಡಿದಿದ್ದರೆ ಗೆದ್ದಿರಿ. ಹಲಗಿ ಬಾರಿಸುವವರ ಚಿತ್ರಕ್ಕೆ ಮಾತ್ರ ಕೆಳಗೇ ಇರಬೇಕು. ಕಾಮದಹನಕ್ಕೆ ಮುಂಚಿನ ರಾತ್ರಿಗಳಲ್ಲಿ ಓಣಿಯ ದೀಪದ ಕೆಳಗೆ ಹುಡುಗರು ಹಲಗಿ ಕಾಯಿಸುವ ಬೆಂಕಿಯೇ ಸಾಕಷ್ಟು ಬೆಳಕು ಕೊಡುತ್ತದೆ.

ಹಳ್ಳಿ ಜನರ ಫೋಟೋ ತೆಗೆಯುವಾಗ ಕೇಳಲೇಬೇಕಾ? ಕೇಳಿದರೆ ಸಹಜ ಭಾವ ಹೋಗುತ್ತದಲ್ಲ.

ಕೇಳಿ. ‘ಯವ್ವಾ, ಒಂದ್ ಫೋಟೋ ತಗೀಲೇನ್ರೀ?’ ಎಂದರೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಲ್ಲುತ್ತಾರೆ, ನಿಜ. ಆ ನಿಂತ ಚಿತ್ರವನ್ನೂ ತೆಗೆಯಿರಿ, ಅದು ಅವರಿಗೆ ಬೇಕಾದ ಚಿತ್ರ. ಹತ್ತು ನಿಮಿಷದಲ್ಲಿ ನಿಮ್ಮನ್ನು ಮರೆತು ಕೆಲಸಕ್ಕೆ ಹತ್ತುತ್ತಾರೆ, ಆಗ ನಿಮಗೆ ಬೇಕಾದದ್ದು ಸಿಗುತ್ತದೆ. ಹೊಳೆದಂಡೆಯಲ್ಲಿ ಸ್ನಾನ ಮಾಡುವವರು, ಗುಡ್ಡದಲ್ಲಿ ಹರಕೆ ತೀರಿಸುವವರು, ಜೋಗತಿಯರು, ಇವರ ಮುಂದೆ ಕ್ಯಾಮೆರಾ ಇಳಿಸಿಕೊಳ್ಳಿ. ತೆಗೆದ ಮೇಲೆ ಒಂದು ಪ್ರಿಂಟು ಹಾಕಿಸಿ ಮುಂದಿನ ಸಲ ಒಯ್ದುಕೊಡಿ. ವಾಟ್ಸ್ಆ್ಯಪ್‌ಗೆ ಕಳಿಸಿದ ಚಿತ್ರ ಮೊಮ್ಮಗನ ಫೋನಿನಲ್ಲಿ ಉಳಿಯುತ್ತದೆ; ಪ್ರಿಂಟು ದೇವರ ಜಗಲಿಯ ಪಕ್ಕದ ಗೋಡೆಗೆ ಹೋಗುತ್ತದೆ. ಎರಡನೇ ಸಲ ಹೋದಾಗ ‘ಚಾ ಕುಡದ ಹೋಗ್ರಿ’ ಎಂಬ ಮಾತಿನ ದನಿಯೇ ಬೇರೆ ಇರುತ್ತದೆ.

ಮುಧೋಳ ನಾಯಿ ಬಿಟ್ಟು ಮೊಲ ಹಿಡಿದ ಫೋಟೋ ಗ್ರೂಪಿಗೆ ಬಂತು. ಫಾರ್ವರ್ಡ್ ಮಾಡಬಹುದೇ?

ಬೇಡ. ಮುಧೋಳ ನಾಯಿಯ ಬಗ್ಗೆ ನಮಗೆಲ್ಲ ಹೆಮ್ಮೆ ಇದೆ, 2005ರಲ್ಲಿ ಅದರ ಅಂಚೆಚೀಟಿಯೂ ಬಂದಿದೆ, ತಿಮ್ಮಾಪುರದಲ್ಲಿ ತಳಿ ಕೇಂದ್ರವಿದೆ, ಸೇನೆಗೂ ಹೋಗಿದೆ. ಓಡುವ ನಾಯಿಯ ಚಿತ್ರ ಬೇಕಾದರೆ ಸಾಕಿದವರನ್ನು ಕೇಳಿ ಬಯಲಲ್ಲಿ ಓಡಿಸಿ ತೆಗೆಯಿರಿ. ಶಟರ್ 1/2000 ಸೆಕೆಂಡಿಗಿಂತ ನಿಧಾನ ಇಟ್ಟರೆ ಕಾಲುಗಳು ಕಲಸುತ್ತವೆ. ಆದರೆ ಮೊಲವೂ ಕಾಯ್ದೆಯಡಿ ರಕ್ಷಿತ ಪ್ರಾಣಿ, ಹಬ್ಬದ ಬ್ಯಾಟಿ ಎಂದರೂ ಅಪರಾಧವೇ. ಅಂಥ ಚಿತ್ರ ಬಂದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.

ವಿಜಯಪುರದ ಕಡೆಯವರಿಗೆ ಏನೂ ಇಲ್ಲವೇ?

ಗೋಳಗುಮ್ಮಟ ಬಿಟ್ಟು ಕೇಳುತ್ತಿದ್ದೀರಿ ಎಂದುಕೊಳ್ಳುತ್ತೇನೆ. ನಸುಕಿನಲ್ಲಿ ಸೈಕಲ್ ತುಳಿಯುವ ಹುಡುಗ-ಹುಡುಗಿಯರು ಇದ್ದಾರೆ. ಸೈಕ್ಲಿಂಗ್‌ನಲ್ಲಿ ಈ ಜಿಲ್ಲೆಯ ಹೆಸರು ಹಳೆಯದು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಇದೆ. ನನ್ನ ಮಟ್ಟಿಗೆ ಎಳ್ಳ ಅಮಾಸಿಯೇ ಎಲ್ಲಕ್ಕಿಂತ ಮೇಲು. ಬಿಳಿಜೋಳ ತೆನೆ ಹಿಡಿದಿರುತ್ತದೆ, ಮನೆಮಂದಿ ಬಂಡಿ, ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಅಂದರೆ ಭೂತಾಯಿಗೆ ಅಡುಗೆಯ ಎಡೆ ಎರಚುತ್ತಾರೆ. ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ. ಚೆಲ್ಲಿದ ಅಗುಳಿಗೆ ಗೊರವಂಕ, ಕಾಗೆ ಇಳಿಯುತ್ತವೆ, ತಂತಿಯ ಮೇಲೆ ನೀಲಕಂಠ ಕೂತಿರುತ್ತದೆ. ನಮ್ಮ ರಾಜ್ಯಪಕ್ಷಿ, ಊಟದ ಪಂಕ್ತಿ ಎರಡೂ ಒಂದೇ ಚೌಕಟ್ಟಿನಲ್ಲಿ. ಪರಿಚಯ ಇಲ್ಲದ ಹೊಲದ ಬದುವಿನಲ್ಲಿ ನಿಂತರೂ ಉಣ್ಣದೆ ಕಳಿಸುವುದಿಲ್ಲ.

ಮಳೆಯಾದ ಮೇಲೆ ಎರಿ ಹೊಲದ ದಾರಿಯಲ್ಲಿ ಬೈಕ್?

ಹೂತುಕೊಳ್ಳುತ್ತದೆ. ಮಣ್ಣು ಮಡ್‌ಗಾರ್ಡ್ ಸಂದಿಗೆ ಮೆತ್ತಿ ಗಾಲಿಯೇ ತಿರುಗದಾಗುತ್ತದೆ, ಕಡ್ಡಿಯಿಂದ ಕೆದರಿ ಕೆದರಿ ತೆಗೆಯಬೇಕು. ಡಾಂಬರು ರಸ್ತೆಯಲ್ಲೇ ಗಾಡಿ ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಿರಿ.

ತೆಗೆದ ಚಿತ್ರಗಳನ್ನು ಹೇಗೆ ಇಡಬೇಕು?

ತಾರೀಖು, ಊರು, ಹೊಲದಲ್ಲಿದ್ದ ಪೈರು, ನೀರಿನ ಅಂಚು ಎಲ್ಲಿತ್ತು, ಇಷ್ಟನ್ನು ಬರೆದಿಡಿ. ‘ಹೆರಕಲ್, ಫೆಬ್ರುವರಿ, ಕಡಲೆ ಹೊಲ, ನೀರು ಹಳೇ ದಾರಿಯಿಂದ ಕೆಳಗೆ’ ಎಂದಷ್ಟಿದ್ದರೂ ಸಾಕು. ಕಾಲುವೆ ಬಂದಂತೆ ಮಡ್ಡಿ ಕಬ್ಬಿನ ಗದ್ದೆಯಾಗುತ್ತಿದೆ, ಮೊದಲು ಹೇಗಿತ್ತು ಎಂದು ಕೇಳಿದಾಗ ತೋರಿಸಲು ಬೇಕಾಗುವುದು ಇಂಥ ಚಿತ್ರವೇ. ತೋಳದ ಗವಿಯ ಟಿಪ್ಪಣಿ ಮಾತ್ರ ನಿಮ್ಮ ವಹಿಯಲ್ಲೇ ಇರಲಿ.

ಸಣ್ಣ ಮಕ್ಕಳಿಗೆ ಎಲ್ಲಿಂದ ಶುರು ಮಾಡಿಸೋದು?

ಹೊಲದ ಬಾವಿಯಿಂದ. ಮಳೆಗಾಲದಲ್ಲಿ ಬಾವಿಗೆ ಬಾಗಿದ ಜಾಲಿಯಲ್ಲಿ ಗೀಜಗ ಗೂಡು ನೇಯುತ್ತಿರುತ್ತದೆ, ಗಂಡು ಅರ್ಧ ಕಟ್ಟಿ ಹೆಣ್ಣಿಗೆ ತೋರಿಸುತ್ತದೆ, ಒಪ್ಪದಿದ್ದರೆ ಇನ್ನೊಂದು ಶುರು ಮಾಡುತ್ತದೆ. ಮೊಬೈಲ್ ಸಾಕು, ಹತ್ತಿರದಲ್ಲೇ ಕಾಣುತ್ತದೆ. ಕಟ್ಟೆ ಇಲ್ಲದ ಬಾವಿಯಾದರೆ ಮಗುವಿನ ಕೈ ಬಿಡಬೇಡಿ, ಅವರು ಸ್ಕ್ರೀನ್ ನೋಡುತ್ತಲೇ ಮುಂದೆ ಹೆಜ್ಜೆ ಇಡುತ್ತಾರೆ.